ಶಿವರಾತ್ರಿಗೆಂದು ಇಟ್ಟುಕೊಂಡ ಹಲ್ಲು

೧೯೮೧ನೇ ಇಸವಿ ಜನವರಿ ೨೦, ಮಂಗಳವಾರ, ಬೆಳಗ್ಗೆ ಹತ್ತೂಕಾಲು. ಅಜ್ಜಂಪುರದ ಆಸ್ಪತ್ರೆಯ ಹಿಂದಿನ ಕೋಣೆಗೆ ಒಬ್ಬ ಹೆಂಗಸು ಬಂದರು. ಹಲ್ಲಿನ ಕುರ್ಚಿಯನ್ನು ಸುತ್ತಿ ನೋಡಿದರು. ಕೂರದೆ, ಬಂದ ಬಾಗಿಲಲ್ಲೇ ಹೊರಗೆ ಹೋದರು. ಅವರ ಯಜಮಾನರು ಒಳಗೇ ಉಳಿದರು.

"ಹೋಗ್ಲಿ ಬಿಡಿ ಡಾಕ್ಟ್ರಮ್ಮ, ಎಲ್ಲೂ ಹೋಗಲ್ಲ. ಹುಣಸೆ ಮರದ ಕೆಳಗೆ ಕೂತಿರ್ತಾಳೆ," ಎಂದರು. "ಬಸ್ ಚಾರ್ಜು ನನ್ನ ಜೇಬಲ್ಲೈತೆ."

ನಾನು ಆಗ ಕಡೂರಿನ ಆಸ್ಪತ್ರೆಯಲ್ಲಿ ದಂತವೈದ್ಯೆ. ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಮಂಗಳವಾರ ಅಜ್ಜಂಪುರಕ್ಕೂ ಬುಧವಾರ ತರೀಕೆರೆಗೂ ಹೋಗಿ ಬರುವುದು ನನ್ನ ಪಾಲಿಗೆ ಬಂದಿತ್ತು. ಹಲ್ಲಿನ ಕುರ್ಚಿಗೆ ಹೆದರುವವರನ್ನು ಅಷ್ಟರಲ್ಲಿ ಸಾಕಷ್ಟು ನೋಡಿದ್ದೆ. ಹೆಚ್ಚಿನವರ ಹತ್ತಿರ ಕೂತು ಎರಡು ಮಾತಾಡಿದರೆ, ಇಕ್ಕಳವನ್ನು ಕಣ್ಣಿಗೆ ಕಾಣದಂತೆ ಇಟ್ಟರೆ, ಕೆಲಸ ನಡೆದುಹೋಗುತ್ತಿತ್ತು. ಈಕೆಗೂ ಅಷ್ಟೇ ಸಾಕೆಂದುಕೊಂಡು ಹುಣಸೆ ಮರದ ಕೆಳಗೆ ಹೋದೆ.

ಸುಮಾರು ಮೂವತ್ತೆಂಟು ವಯಸ್ಸು. ಬಲಗೆನ್ನೆಯ ಕೆಳಭಾಗ ಊದಿಕೊಂಡು ಹೊಳೆಯುತ್ತಿತ್ತು. ಹಣೆಯ ತುಂಬ ವಿಭೂತಿ. ನಾನು ಪಕ್ಕದಲ್ಲಿ ಕೂತ ಕೂಡಲೇ ನನ್ನ ಎರಡೂ ಕೈ ಹಿಡಿದು ತಿರುಗಿಸಿ ನೋಡಿದರು.

"ಏನೂ ಇಲ್ವಲ್ಲ?"

"ಏನೂ ಇಲ್ಲ ಅಕ್ಕ."

"ಹಂಗಾದ್ರೆ ಕೂತ್ಕೊ ಕಣವ್ವ. ಎಲೆ ಅಡಿಕೆ ಹಾಕ್ಕಂತೀಯ? ಅಲ್ಲ, ನೀನು ಹಲ್ಲಿನ ಡಾಕ್ಟ್ರು, ಬೈತೀಯ."

ಅಲ್ಲೇ, ಮರದ ಕೆಳಗೆ, ಬಿಸಿಲಿಗೆ ಮುಖ ಮಾಡಿಸಿ ಬಾಯಿ ನೋಡಿದೆ. ಕೆಳದವಡೆಯ ಬಲಗಡೆ ಕೊನೆಯ ಹಲ್ಲು ಅರ್ಧ ಮಾತ್ರ ಹುಟ್ಟಿ, ಓರೆಯಾಗಿ ಸಿಕ್ಕಿಕೊಂಡು, ಒಸಡಿನ ಕೆಳಗೆ ಕೀವು ಮಾಡಿತ್ತು. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ವರ್ಷದಲ್ಲಿ ಇದು ಐದನೇ ಸಲದ ಊತ ಎಂದು ಯಜಮಾನರು ಹೇಳಿದರು. ಪೆನಿಸಿಲಿನ್ ಕೊಟ್ಟರೆ ಇಳಿಯುತ್ತದೆ, ಹಲ್ಲು ಇರುವ ತನಕ ಮತ್ತೆ ಬರುತ್ತದೆ. ಒಂದು ಸಲ ಕೀವು ಹೊರಗೆ ಬರುವ ಬದಲು ನಾಲಗೆಯ ಕೆಳಗೆ ಇಳಿದರೆ ಕುತ್ತಿಗೆ ಬಿಗಿದು ಉಸಿರು ನಿಲ್ಲಬಹುದು. ಇದನ್ನು ಆಕೆಗೆ ಅರ್ಧ ಹೇಳಿದೆ, ಯಜಮಾನರಿಗೆ ಪೂರ್ತಿ ಹೇಳಿದೆ.

ಅವರು ಸರ್ಕಾರಿ ದನಗಳು ಮೇಯುವ ಕಾವಲಿನಲ್ಲಿ ಕೆಲಸ ಮಾಡುವವರು. "ಹೋರಿಗೆ ಮೂಗುದಾರ ಹಾಕುವಾಗ ನಾಕು ಜನ ಹಿಡ್ಕಂತೀವಿ. ಇವಳಿಗೆ ಇಬ್ರು ಸಾಕು. ನೀವು ಕಿತ್ತಾಕಿ," ಎಂದರು.

"ಹಿಡ್ಕಂಡು ಕೀಳೋದಿಲ್ಲ," ಎಂದೆ.

"ಕೇಳಿಸ್ಕಂಡ್ರಾ?" ಎಂದು ಆಕೆ ಗಂಡನಿಗೆ ಹೇಳಿದರು. "ಓದಿದೋರು ಹೇಳ್ತಾವ್ರೆ. ಹೋರಿ ಅಂತೆ ಹೋರಿ."

ಆ ಭಯದ ಮೂಲವನ್ನೂ ಅವತ್ತೇ ಹೇಳಿದರು. ತೌರು ಯಗಟಿ ಕಡೆ. ಒಂಬತ್ತು ವರ್ಷದವರಿದ್ದಾಗ ಸಂತೆಗೆ ಬಂದಿದ್ದ ಹಲ್ಲು ಕೀಳುವವನ ಮುಂದೆ ಸೋದರಮಾವ ಕೂರಿಸಿದ್ದ. ಮಾವ ಕಾಲ ಮೇಲೆ ಕೂತ, ಇನ್ನೊಬ್ಬ ತಲೆ ಹಿಡಿದ. ಮೊದಲು ಕಿತ್ತದ್ದು ಬೇರೆ ಹಲ್ಲು. "ತಪ್ಪು ಹಲ್ಲು ಅಂತ ಹೇಳಕ್ಕೆ ಬಾಯೇ ಇರ್ಲಿಲ್ಲ, ಅವನ ಕೈಲಿತ್ತು," ಎಂದು ನಕ್ಕರು. ನಗುವಾಗಲೂ ಒಂದು ಕೈ ಬಾಯಿಗೆ ಅಡ್ಡ ಇತ್ತು.

ಅಂದಿನಿಂದ ನನ್ನ ಡೈರಿಯಲ್ಲಿ ಆಕೆಯ ಹೆಸರಿನ ಮುಂದೆ ಬಾಯಿ ತೆರೆಯುವ ಅಳತೆಯನ್ನು ಬರೆಯುತ್ತಾ ಬಂದೆ. ಪೆನಿಸಿಲಿನ್ ಕೊಟ್ಟೆ, ಒಂದು ವಾರದಲ್ಲಿ ಬಾಯಿ ತೆರೆದೀತು ಎಂದು ಲೆಕ್ಕ ಹಾಕಿದೆ. ಜನವರಿ ೨೭ಕ್ಕೆ ಹಲ್ಲು ತೆಗೆಯುವುದೆಂದು ಗೊತ್ತುಮಾಡಿ, ಭಯ ಇಳಿಸಿ ಮಂಪರು ತರುವ ಡಯಜೆಪಾಮ್ ಮಾತ್ರೆ ಕೊಟ್ಟು ಕಳಿಸಿದೆ. ಹಿಂದಿನ ರಾತ್ರಿ ಒಂದು, ಬೆಳಗ್ಗೆ ಹೊರಡುವ ಮೊದಲು ಒಂದು.

೨೭ರಂದು ಆಕೆ ಬರಲಿಲ್ಲ. ಮಧ್ಯಾಹ್ನ ಯಜಮಾನರು ಒಬ್ಬರೇ ಬಂದರು. ಬೆಳಿಗ್ಗೆ ಅವರಿಗೆ ಬೇರೆ ಕೆಲಸವಿದ್ದು, ಹೆಂಡತಿಯನ್ನು ಒಬ್ಬರನ್ನೇ ಬಸ್ಸು ಹತ್ತಿಸಿದ್ದರು.

"ಎಲ್ಲಿ ಅಕ್ಕ?"

"ಬೀರೂರಲ್ಲವ್ಳೆ. ಬಸ್ಸಲ್ಲಿ ಮಲಗ್ಬಿಟ್ಟವ್ಳೆ. ಅಜ್ಜಂಪುರ ಬಂದಿದ್ದು ಗೊತ್ತಿಲ್ಲ, ಹೋದದ್ದು ಗೊತ್ತಿಲ್ಲ. ಬೀರೂರು ಸ್ಟ್ಯಾಂಡಲ್ಲಿ ಕಂಡಕ್ಟರ್ ಎಬ್ಬಿಸಿದ್ನಂತೆ. ಈಗ ನಮ್ಮ ಷಡ್ಡಕನ ಮನೇಲಿ ಉಂಡು ಮಲಗವ್ಳೆ, ಅವನೇ ಹೇಳಿ ಕಳಿಸ್ದ. ಮಾತ್ರೆ ಭಾರಿ ಚೆನ್ನಾಗೈತೆ ಕಣ್ರಮ್ಮ, ನಂಗೂ ಎರಡು ಕೊಡಿ."

ಮುಂದಿನ ಮಂಗಳವಾರ ಮಾತ್ರೆಯನ್ನು ಮನೆಗೆ ಕೊಡಲಿಲ್ಲ. ಆಸ್ಪತ್ರೆಯಲ್ಲೇ ನುಂಗಿಸಿ ಬೆಂಚಿನ ಮೇಲೆ ಮಲಗಿಸಿದೆ. ಒಂದು ಗಂಟೆಯ ನಂತರ ತೋಳು ಹಿಡಿದು ಕುರ್ಚಿಗೆ ಕರೆತಂದರೆ, ತಕರಾರಿಲ್ಲದೆ ಕೂತರು. ರೆಪ್ಪೆ ಭಾರವಾಗಿತ್ತು, ಮಾತು ತೊದಲುತ್ತಿತ್ತು. ಈ ಸಲ ಆಯಿತೆಂದುಕೊಂಡೆ. ಹಲ್ಲು ನೋಡುವ ಕನ್ನಡಿಯನ್ನು ತುಟಿಯ ಹತ್ತಿರ ತಂದಾಗ ನನ್ನ ಮಣಿಕಟ್ಟನ್ನು ಎಷ್ಟು ಬಲವಾಗಿ ಹಿಡಿದರೆಂದರೆ ಬೆರಳಿನ ಗುರುತು ಸಂಜೆಯವರೆಗೆ ಇತ್ತು. ಕಣ್ಣು ಮುಚ್ಚಿಯೇ ಇತ್ತು.

"ಮೈ ಮಲಗೈತೆ ಕಣವ್ವ," ಎಂದರು. "ಭಯ ಎದ್ದು ಕೂತೈತೆ."

ಬಾಯಿಯ ಮೂಲಕ ಕೊಡುವ ಔಷಧಿಯ ಮಿತಿಯನ್ನು ಇದಕ್ಕಿಂತ ಸರಿಯಾಗಿ ನಾನು ಪುಸ್ತಕದಲ್ಲಿ ಓದಿರಲಿಲ್ಲ. ಒಬ್ಬೊಬ್ಬರ ಹೊಟ್ಟೆ ಅದನ್ನು ಒಂದೊಂದು ಹೊತ್ತಿಗೆ ಹೀರುತ್ತದೆ. ಸಾಲದು ಎಂದು ತಿಳಿಯುವ ಹೊತ್ತಿಗೆ ಇನ್ನೊಂದು ಕೊಡಲು ಬರುವುದಿಲ್ಲ.

ತರೀಕೆರೆ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡಲು ಕಲಿತ ಹಿರಿಯ ಡಾಕ್ಟರು ಒಬ್ಬರಿದ್ದರು. ಬುಧವಾರ ಅವರ ಆಪರೇಷನ್ ದಿನ. ಫೆಬ್ರವರಿ ೪ರಂದು ಅವರ ಕೆಲಸ ಮುಗಿಯುವ ತನಕ ಕಾದು ಎಲ್ಲ ಹೇಳಿದೆ. ಅವರು ಕೈ ತೊಳೆಯುತ್ತಾ ಒಂದೊಂದೇ ದಾರಿಯನ್ನು ಎತ್ತಿ ಪಕ್ಕಕ್ಕಿಟ್ಟರು.

"ಈಥರ್ ಕೊಡ್ತೀನಿ. ಆದ್ರೆ ಮೂಗು ಬಾಯಿ ಮೇಲೆ ಮಾಸ್ಕ್ ಇಟ್ರೆ ನೀನೆಲ್ಲಿ ಹಲ್ಲು ಕೀಳ್ತೀಯಮ್ಮ? ಮಾಸ್ಕ್ ತೆಗೆದ್ರೆ ಎದ್ದು ಕೂರ್ತಾರೆ. ಕೆಟಮಿನ್ ಕೊಟ್ರೆ ಬಾಯಿ ತುಂಬ ಜೊಲ್ಲು, ಎಚ್ಚರ ಆಗೋವಾಗ ಕೆಟ್ಟ ಕನಸು. ಹೆದರೋ ಹೆಂಗಸಿಗೆ ಅದು ಬೇಡ. ನಗೆ ಅನಿಲದ ಯಂತ್ರ ಇರೋದು ಬೆಂಗಳೂರಲ್ಲಿ. ಉಳಿಯೋದು ಒಂದೇ. ನೀನು ಮಾತ್ರೆ ಕೊಟ್ಟೆಯಲ್ಲ, ಅದನ್ನೇ ನರಕ್ಕೆ ಕೊಡೋಣ. ನಿಧಾನಕ್ಕೆ. ಮಾತಾಡಿಸ್ತಾ ಕೊಡೋದು, ರೆಪ್ಪೆ ಕಣ್ಣಿನ ಅರ್ಧಕ್ಕೆ ಇಳಿದಾಗ ನಿಲ್ಲಿಸೋದು. ಆಮೇಲೆ ನೀನು ಜೋಮು ಹಿಡಿಸೋ ಸೂಜಿ ಹಾಕು. ಆಕೆ ಎಚ್ಚರ ಇರ್ತಾರೆ, ಬಾಯಿ ತೆಗಿ ಅಂದ್ರೆ ತೆಗೀತಾರೆ. ನಾಳೆ ಏನೂ ನೆನಪಿರಲ್ಲ."

ಷರತ್ತುಗಳನ್ನೂ ಹೇಳಿದರು. ಕೆಲಸ ತರೀಕೆರೆಯಲ್ಲೇ ಆಗಬೇಕು, ಆಮ್ಲಜನಕದ ಸಿಲಿಂಡರ್ ಮತ್ತು ಕಾಲಲ್ಲಿ ಒತ್ತುವ ಹೀರುಗೊಳವೆ ಅಲ್ಲಿವೆ. ಹೊಟ್ಟೆ ಖಾಲಿ ಇರಬೇಕು, ಹಿಂದಿನ ರಾತ್ರಿ ಉಂಡ ಮೇಲೆ ಏನೂ ಇಲ್ಲ. ಕುತ್ತಿಗೆಯಲ್ಲಿ ಏನೂ ಇರಬಾರದು.

ಕೊನೆಯ ಷರತ್ತು ಕಷ್ಟ ಎಂದು ನನಗೆ ಆಗಲೇ ಗೊತ್ತಾಯಿತು. ಆಕೆ ಲಿಂಗವಂತರು. ಕುತ್ತಿಗೆಯ ಶಿವದಾರದಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಮುಂದಿನ ಮಂಗಳವಾರ ಅಜ್ಜಂಪುರದಲ್ಲಿ ಈ ಹೊಸ ದಾರಿಯನ್ನು ವಿವರಿಸಿದಾಗ ಆಕೆ ನೋವಿನ ಬಗ್ಗೆ ಕೇಳಲೇ ಇಲ್ಲ.

"ಹಲ್ಲು ಕೀಳೋವಾಗ ನಾನೆಲ್ಲಿರ್ತೀನಿ?"

"ಇಲ್ಲೇ ಇರ್ತೀರಿ ಅಕ್ಕ. ನಾನು ಕರೆದರೆ ಓ ಅಂತೀರಿ. ಆಮೇಲೆ ನೆನಪಿರಲ್ಲ, ಅಷ್ಟೆ."

"ನಂಗೇ ನೆನಪಿಲ್ದಾಗ ಲಿಂಗ ಯಾರ ಕೈಲಿರ್ತದೆ?"

ತರೀಕೆರೆಯ ಡಾಕ್ಟರನ್ನು ಮತ್ತೆ ಕೇಳಿದೆ. ಅವರೂ ಲಿಂಗವಂತರೇ, ಬೇಗ ಒಪ್ಪಿದರು. ಕರಡಿಗೆಯನ್ನು ಆಕೆಯ ಎಡ ಅಂಗೈಯಲ್ಲೇ ಇಟ್ಟು, ಮುಷ್ಟಿಯ ಮೇಲೆ ಬ್ಯಾಂಡೇಜು ಸುತ್ತುವುದು. ಸೂಜಿ ಬಲಗೈಗೆ. ಇದನ್ನು ಹೇಳಿದಾಗ ಆಕೆ ಕರಡಿಗೆಯನ್ನು ಎಡ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿ ನೋಡಿ, "ಹಂಗಾದ್ರೆ ಬತ್ತೀನಿ" ಎಂದರು. ಅವರ ಮನೆಯ ರೀತಿಗೆ ಬೇಕಾದದ್ದನ್ನೆಲ್ಲ ಯೋಚಿಸಿದ್ದೇವೆ ಎಂದು ನಾನು ಸಮಾಧಾನಪಟ್ಟೆ.

ಫೆಬ್ರವರಿ ೧೮, ಬುಧವಾರ. ಮೂರು ದಿನದಿಂದ ಮತ್ತೆ ಊತ ಶುರುವಾಗಿ ಬಾಯಿ ಒಂದೇ ಬೆರಳಿನಷ್ಟು ತೆರೆಯುತ್ತಿತ್ತು. ಆದರೂ ಆಕೆ ಬಂದರು, ಮೇಜಿನ ಮೇಲೆ ತಾವಾಗಿಯೇ ಮಲಗಿದರು. ನರ್ಸಮ್ಮ ಎಡಗೈಗೆ ಬ್ಯಾಂಡೇಜು ಸುತ್ತಿದರು. ಡಾಕ್ಟರು ಔಷಧಿಯನ್ನು ಸಿರಿಂಜಿಗೆ ಎಳೆದುಕೊಂಡರು.

"ಏನಾದ್ರೂ ತಿಂದ್ರಾ ಅಕ್ಕ?" ಎಂದೆ.

"ಇಲ್ಲ ಕಣವ್ವ. ರಾತ್ರಿ ಉಂಡಿದ್ದೇ ಕೊನೆ."

ಬಾಗಿಲಲ್ಲಿ ನಿಂತಿದ್ದ ಯಜಮಾನರೂ ಹೌದೆಂದರು. ಡಾಕ್ಟರು ಬಲಗೈಗೆ ರಬ್ಬರ್ ಪಟ್ಟಿ ಕಟ್ಟಿದರು. ನರ ಎದ್ದಿತು. ನಾನು ತಲೆಯ ಹತ್ತಿರ ಬಗ್ಗಿದಾಗ ಹಣೆಯ ವಿಭೂತಿ ಕಂಡಿತು, ಹೊಸದಾಗಿ ಧರಿಸಿದ್ದು. ಉಸಿರಲ್ಲಿ ಬಾಳೆಹಣ್ಣಿನ ವಾಸನೆ ಇತ್ತು.

"ಪೂಜೆ ಆಯ್ತಾ ಅಕ್ಕ?"

"ಆಗ್ದೆ? ಬೆಳಿಗ್ಗೆನೇ ಎದ್ದು ಮಾಡ್ದೆ. ಇವತ್ತು ಬಿಡಕ್ಕಾಯ್ತದಾ."

"ಪ್ರಸಾದ?"

"ಅದಿಲ್ದೆ ಪೂಜೆ ಮುಗೀತದಾ?" ಆಕೆಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿತ್ತು. "ಬಾಳೆಹಣ್ಣು, ಹಾಲು, ಬೆಲ್ಲ. ಇವತ್ತು ಭಯ ಅಂತ ಒಂದು ಬಟ್ಟಲು ಜಾಸ್ತಿನೇ ಎಡೆ ಮಾಡ್ದೆ."

ಡಾಕ್ಟರು ಸಿರಿಂಜನ್ನು ತಟ್ಟೆಯಲ್ಲಿಟ್ಟರು. ಯಾರೂ ಸುಳ್ಳು ಹೇಳಿರಲಿಲ್ಲ. ಲಿಂಗಕ್ಕೆ ಎಡೆ ಮಾಡಿ ತೆಗೆದುಕೊಂಡದ್ದು ಅವರ ಲೆಕ್ಕದಲ್ಲಿ ತಿಂಡಿಯಲ್ಲ. ಅದನ್ನು ಬಿಟ್ಟು ಏಳುವುದು ಅವರಲ್ಲಿ ಇಲ್ಲ. ತಿಂದಿರಾ ಎಂದು ಕೇಳಿದರೆ ಸಿಗುವ ಉತ್ತರ 'ಇಲ್ಲ' ಎಂದೇ.

ಡಾಕ್ಟರು ನನ್ನನ್ನು ಹೊರಗೆ ಕರೆದರು. "ಹಲ್ಲು ನಿನ್ನದು, ನೀನೇ ಹೇಳು," ಎಂದರು. "ಕೊಟ್ರೆ ಬಹುಶಃ ಏನೂ ಆಗಲ್ಲ."

ಬಾಯಿ ಪೂರ್ತಿ ತೆರೆಯುವ ಹಾಗಿದ್ದರೆ ನಾನು ಕೊಡಿ ಎನ್ನುತ್ತಿದ್ದೆನೇನೋ. ಮಂಪರಿನಲ್ಲಿ ವಾಂತಿಯಾದರೆ, ಒಂದು ಬೆರಳು ಮಾತ್ರ ಹೋಗುವ ಬಾಯಿಯಿಂದ ಅದನ್ನು ಹೇಗೆ ತೆಗೆಯುವುದು? ಹಾಲು ಶ್ವಾಸಕ್ಕೆ ಇಳಿದರೆ ಕಾಲಲ್ಲಿ ಒತ್ತುವ ಗೊಳವೆಯಿಂದ ಏನಾದೀತು? ಅವತ್ತೇ ಸಂಜೆಗೆ ಮುಂದೂಡಲೂ ಆಗುತ್ತಿರಲಿಲ್ಲ, ಡಾಕ್ಟರು ಮಧ್ಯಾಹ್ನ ಕಡೂರಿನ ಶಸ್ತ್ರಚಿಕಿತ್ಸೆ ಶಿಬಿರಕ್ಕೆ ಹೊರಡಬೇಕಿತ್ತು. ಬೇಡ ಎಂದೆ.

ಒಳಗೆ ಬಂದು ಬ್ಯಾಂಡೇಜು ಬಿಚ್ಚಿದೆ. ಆಕೆಗೆ ಅಳು ಬಂತು. ಹೆದರಿಕೆಗೆ ಅತ್ತದ್ದನ್ನು ನಾನು ನೋಡಿರಲಿಲ್ಲ, ಅವತ್ತು ಬೇಜಾರಿಗೆ ಅತ್ತರು. "ಇವತ್ತು ಮನಸ್ಸು ಗಟ್ಟಿ ಮಾಡ್ಕಂಡು ಬಂದಿದ್ದೆ ಕಣವ್ವ. ಮೊದ್ಲೇ ಪ್ರಸಾದ ಅಂತ ಕೇಳಿದ್ರೆ ಹೇಳ್ತಿರ್ಲಿಲ್ವಾ."

ನಾಳೆಯೇ ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಹೋಗಿ, ಚೀಟಿ ಬರೆದು ಕೊಡುತ್ತೇನೆ ಎಂದೆ. ಯಜಮಾನರು ತಯಾರಿದ್ದರು. ಆಕೆ ಬರುವುದಿಲ್ಲ ಎಂದರು.

"ಅಲ್ಲಿ ನನ್ನ ಕೈ ಹಿಡ್ಕಂಡು ಏನಕ್ಕ ಅಂತ ಯಾರು ಕೇಳ್ತಾರೆ? ಕಾಲ ಮೇಲೆ ಕೂರ್ತಾರೆ." ಆಮೇಲೆ ಕಣ್ಣೊರೆಸಿಕೊಂಡು ಆಕೆಯೇ ದಾರಿ ಹೇಳಿದರು. "ಶಿವರಾತ್ರಿ ಇನ್ನೆರಡು ವಾರಕ್ಕೈತೆ. ಅವತ್ತು ಬಾಯಿಗೆ ನೀರೂ ಹಾಕಲ್ಲ ನಾನು. ಎಡೆ ಏನಿದ್ರೂ ಮಾರನೇ ದಿನಕ್ಕೆ. ಅವತ್ತು ಮಾಡಿ."

ಕೇಳಿದ ಕೂಡಲೇ ಅದು ಸರಿ ಎನ್ನಿಸಿತು. ಮಾರ್ಚ್ ೪ ಬುಧವಾರವೇ. ಡಾಕ್ಟರು ಮುಂದಿನ ಬುಧವಾರ ಊರಲ್ಲಿರುತ್ತಿರಲಿಲ್ಲ. "ರಜೆಯಾದ್ರೆ ಆಗ್ಲಿ, ಬರ್ತೀನಿ," ಎಂದರು. ನರ್ಸಮ್ಮ ತಾನೂ ಬರುತ್ತೇನೆಂದರು. ಅಷ್ಟರೊಳಗೆ ಊತ ಇಳಿಸಲು ಅಜ್ಜಂಪುರದಲ್ಲಿ ಒಂದು ವಾರ ದಿನವೂ ಪೆನಿಸಿಲಿನ್ ಸೂಜಿ ಬರೆದೆ. ಸೊಂಟದ ಸೂಜಿಗೆ ಆಕೆ ಹೆದರುತ್ತಿರಲಿಲ್ಲ. ನಾಲಗೆಯ ಕೆಳಗೆ ಗಟ್ಟಿಯಾದರೆ, ನುಂಗಲು ಕಷ್ಟವಾದರೆ, ಒಂದು ಗಳಿಗೆಯೂ ಕಾಯದೆ ಹೊರಡಬೇಕೆಂದು ಇಬ್ಬರಿಗೂ ಹೇಳಿದೆ. ಈ ಸಲ ಅರ್ಧ ಹೇಳಲಿಲ್ಲ.

ಫೆಬ್ರವರಿ ೨೪ರಂದು ಅಜ್ಜಂಪುರದಲ್ಲಿ ನೋಡಿದಾಗ ಕೆನ್ನೆ ಇಳಿದಿತ್ತು. ಬಾಯಿ ಎರಡು ಬೆರಳು ದಾಟಿ ತೆರೆಯಿತು. ಆಕೆ ಆ ದಿನ ಮೊದಲ ಸಲ, ಮರದ ಕೆಳಗಲ್ಲ, ನನ್ನ ಕೋಣೆಯಲ್ಲಿ, ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಕುರ್ಚಿಯ ರೆಕ್ಸಿನ್ ಮುಟ್ಟಿ ನೋಡಿ, "ತಣ್ಣಗೈತೆ," ಎಂದರು.

"ಇನ್ನೆಂಟು ದಿನ," ಎಂದೆ.

"ಶಿವರಾತ್ರಿ ಜಾಗರಣೆಗೆ ಎಲ್ರೂ ಎದ್ದಿರ್ತಾರೆ, ನಾನೊಬ್ಳು ನಿನ್ನ ಸೂಜಿ ಹಾಕಿಸ್ಕಂಡು ಮಲಗಿರ್ತೀನಿ. ಶಿವ ಏನಂತಾನೋ."

"ಅವನಿಗೆ ನಾನು ಹೇಳ್ತೀನಿ ಬಿಡು," ಎಂದರು ಯಜಮಾನರು. "ಒಂದ್ ರಾತ್ರಿನಾದ್ರೂ ಮನೆ ತಣ್ಣಗಿರ್ಲಿ."

ಪೆನಿಸಿಲಿನ್ ಆ ದಿನಕ್ಕೆ ಮುಗಿಯಿತು. ಮಾರ್ಚ್ ೩ರ ಮಂಗಳವಾರ ಆಕೆ ಬರಬೇಕಾಗಿರಲಿಲ್ಲ, ಬರಲಿಲ್ಲ. ಹಬ್ಬದ ಮುಂಚಿನ ದಿನವಾದ್ದರಿಂದ ರೋಗಿಗಳೇ ಕಡಿಮೆ. ನಾನು ಬೇಗ ಕೆಲಸ ಮುಗಿಸಿ ಕಡೂರಿಗೆ ಹೋಗದೆ ನೇರ ತರೀಕೆರೆಗೆ ಬಂದು ನರ್ಸಮ್ಮನ ಮನೆಯಲ್ಲಿ ಉಳಿದೆ.

ಮಾರ್ಚ್ ೪, ಬುಧವಾರ. ಆಪರೇಷನ್ ಕೋಣೆಯಲ್ಲಿ ಎಲ್ಲವನ್ನೂ ಎರಡು ಸಲ ನೋಡಿಕೊಂಡೆ. ಸಿಲಿಂಡರ್ ತುಂಬಿತ್ತು, ಹೀರುಗೊಳವೆ ಎಳೆಯುತ್ತಿತ್ತು. ತಟ್ಟೆಯಲ್ಲಿ ಡಯಜೆಪಾಮ್, ಜೋಮು ಹಿಡಿಸುವ ಲಿಗ್ನೊಕೇನ್, ಹಲ್ಲನ್ನು ಸೀಳಿ ತೆಗೆಯಬೇಕಾಗಿ ಬಂದರೆ ಉಳಿ. ಎಡಗೈಗೆ ಸುತ್ತಲು ಹೊಸ ಬ್ಯಾಂಡೇಜು. ಡಾಕ್ಟರು ಹೇಳಿದ ಹೊತ್ತಿಗೆ ಬಂದರು. ನರ್ಸಮ್ಮ ಉಪವಾಸ ಇದ್ದರು, ಡಾಕ್ಟರೂ ಇದ್ದರು. ಕಾಫಿ ಇಲ್ಲದೆ ಮೂವರೂ ವರಾಂಡದಲ್ಲಿ ಕೂತೆವು. ಒಂಬತ್ತರ ಬಸ್ಸು ಬಂದು ಹೋಯಿತು. ಮತ್ತೆ ಹೆದರಿಕೊಂಡರೇನೋ ಎಂದು ನರ್ಸಮ್ಮ ಹೇಳಿದರು. ಬೀರೂರಿಗೆ ಹೋಗಿರಬೇಕು ಎಂದೆ. ನಕ್ಕೆವು.

ಹನ್ನೊಂದರ ಬಸ್ಸಿಗೆ ಯಜಮಾನರು ಬಂದರು, ಒಬ್ಬರೇ. ಒಗೆದ ಪಂಚೆ ಉಟ್ಟು ವಿಭೂತಿ ಧರಿಸಿದ್ದರು. ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು ವರಾಂಡಕ್ಕೆ ಬಂದು ನಿಂತರು.

"ಹಬ್ಬ ಬಿಟ್ಟು ಎಲ್ರೂ ಕಾಯ್ತಾ ಕೂತಿರ್ತೀರಿ ಅಂತ ಹೇಳಕ್ಕೆ ಬಂದೆ," ಎಂದರು. "ಸೋಮವಾರ ಹೋಗ್ಬಿಟ್ಲು."

ಡಾಕ್ಟರು ಅವರನ್ನು ಬೆಂಚಿನ ಮೇಲೆ ಕೂರಿಸಿದರು. ಶನಿವಾರ ಮತ್ತೆ ನೋವು ಬಂದಿತ್ತಂತೆ. ಭಾನುವಾರ ನೋವು ನಿಂತಿದೆ ಎಂದು ಆಕೆ ಹೇಳಿದರಂತೆ. ರಾತ್ರಿ ಮುದ್ದೆ ಮುಟ್ಟಲಿಲ್ಲ. ಹಬ್ಬಕ್ಕೆ ಈಗಲೇ ಅಭ್ಯಾಸ ಮಾಡ್ತಿದ್ದೀನಿ ಎಂದರಂತೆ. ಸೋಮವಾರ ಬೆಳಿಗ್ಗೆ ಕುತ್ತಿಗೆ ಕಲ್ಲಿನಂತಾಗಿತ್ತು, ಮಾತು ಹೊರಡುತ್ತಿರಲಿಲ್ಲ. ಪಕ್ಕದೂರಿನ ವ್ಯಾನು ಹಿಡಿದು ಶಿವಮೊಗ್ಗಕ್ಕೆ ಹೊರಟರು. ಭದ್ರಾವತಿ ದಾಟಲಿಲ್ಲ.

"ನೀವು ಹೇಳಿದ್ದು ನೆನಪಿತ್ತು ಕಣ್ರಮ್ಮ. ಅವಳಿಗೂ ನೆನಪಿತ್ತು. ನುಂಗಕ್ಕಾಗಲ್ಲ ಅಂತ ಬಾಯಿ ಬಿಟ್ರೆ ಶಿವಮೊಗ್ಗಕ್ಕೆ ಎತ್ತಾಕ್ಕಂಡು ಹೋಗ್ತಾರೆ ಅಂತ ಬಿಡ್ಲಿಲ್ಲ. ಇನ್ನು ಮೂರು ದಿನ ತಾನೆ, ಡಾಕ್ಟ್ರಮ್ಮನ ಹತ್ರನೇ ಹೋಗಣ ಅಂತಿದ್ಲು."

ಇಂಥ ಹೊತ್ತಲ್ಲಿ ಇಷ್ಟು ದೂರ ಬರಬಾರದಿತ್ತು ಎಂದು ನರ್ಸಮ್ಮ ಮೆಲ್ಲಗೆ ಹೇಳಿದರು.

"ನಮ್ಮಲ್ಲಿ ಸೂತಕ ಇಲ್ಲ ಕಣವ್ವ," ಎಂದರು ಯಜಮಾನರು. ಎದ್ದು ಬಾಗಿಲಿಗೆ ಬಂದು ಒಳಗಿನ ಮೇಜನ್ನು, ತಟ್ಟೆಯನ್ನು, ಬ್ಯಾಂಡೇಜನ್ನು ನೋಡಿದರು. "ನಮ್ಮಲ್ಲಿ ಮಲಗಿಸಿ ಮಣ್ಣು ಮಾಡಲ್ಲ, ಕೂರಿಸಿ ಮಾಡದು. ಕೈಲಿ ಲಿಂಗ ಇಡ್ತಾರೆ. ನಿಮ್ಮ ಕುರ್ಚಿ ಮೇಲೆ ಒಂದಿನ ಸರಿಯಾಗಿ ಕೂರ್ಲಿಲ್ವಲ್ಲ, ನಿನ್ನೆ ಸುಮ್ನೆ ಕೂತ್ಲು."

ಮಧ್ಯಾಹ್ನದ ಬಸ್ಸಿಗೆ ಅವರು ಹೋದರು. ಔಷಧಿಗಳನ್ನು ನಾನು ಬೀರುವಿಗೆ ಹಿಂದಿರುಗಿಸಿದೆ. ಕಾವಲಿನ ಆ ಕಡೆಗೆ ನಾನು ಮತ್ತೆ ಹೋಗಲಿಲ್ಲ, ಅವರೂ ಆಸ್ಪತ್ರೆಗೆ ಬರಲಿಲ್ಲ.

ಇದಾಗಿ ಮೂರು ವರ್ಷ. ಆಮೇಲೆ ಅದೇ ಕೋಣೆಯಲ್ಲಿ, ಅದೇ ಡಾಕ್ಟರ ಜೊತೆ, ಹನ್ನೊಂದು ಜನ ಹೆದರುವವರ ಹಲ್ಲನ್ನು ನರದ ಸೂಜಿಯಿಂದ ತೆಗೆದಿದ್ದೇನೆ. ಯಾರಿಗೂ ತೊಂದರೆಯಾಗಲಿಲ್ಲ, ಯಾರಿಗೂ ಏನೂ ನೆನಪಿಲ್ಲ. ಈಗ ನಾನು ತಿಂದಿರಾ ಎಂದು ಕೇಳುವುದಿಲ್ಲ. ಮೊದಲು ಪೂಜೆ ಆಯ್ತಾ ಎನ್ನುತ್ತೇನೆ, ಆಮೇಲೆ ಪ್ರಸಾದ, ಆಮೇಲೆ ತೀರ್ಥ. ಲಿಂಗವಂತ ಹಿರಿಯರೊಬ್ಬರು, ಅಂಥ ದಿನ ಎಡೆಯನ್ನು ತೀರ್ಥಕ್ಕಷ್ಟೇ ಮುಗಿಸಿದರೆ ತಪ್ಪಿಲ್ಲ ಎಂದರು. ಇನ್ನೊಬ್ಬರು ಹಾಗೆ ಮಾಡಬಾರದು ಎಂದರು. ಮನೆಮನೆಗೂ ಬೇರೆ ಇರಬಹುದು.

ಈ ಕಡೆಯ ಆಸ್ಪತ್ರೆಗಳಲ್ಲಿ ಹಲ್ಲಿನ ಕೆಲಸ ಮಾಡಿದ ಹಿರಿಯರು ಇದನ್ನು ಓದಿದರೆ ಎರಡು ವಿಷಯ ಬರೆದು ತಿಳಿಸಬೇಕೆಂದು ಬೇಡುತ್ತೇನೆ. ನಗೆ ಅನಿಲದ ಯಂತ್ರವಿಲ್ಲದ ಕಡೆ, ಬಾಯಿ ಒಂದು ಬೆರಳಷ್ಟೇ ತೆರೆಯುವ, ಹೊಟ್ಟೆ ಖಾಲಿಯಿಲ್ಲದ, ಮುಟ್ಟಿದರೆ ಕೈ ಹಿಡಿಯುವ ರೋಗಿಗೆ ಅವತ್ತೇ ಏನು ಮಾಡಬಹುದಿತ್ತು? ಇನ್ನೊಂದು, ಕಾಲ ಮೇಲೆ ಯಾರೂ ಕೂರುವುದಿಲ್ಲ ಎಂದು ಶಿವಮೊಗ್ಗಕ್ಕೆ ಹೋಗಲು ಹೆದರುವವರಿಗೆ ನಂಬಿಕೆ ಬರುವಂತೆ ಹೇಗೆ ಹೇಳುವುದು? ನನಗೆ ಗೊತ್ತಿರುವುದು ಕೈ ಹಿಡಿದುಕೊಂಡು ಹೇಳುವುದು ಮಾತ್ರ, ಅದು ನನ್ನ ಕೋಣೆಯವರೆಗೆ ಮಾತ್ರ ನಡೆಯಿತು.